ಗೊಜ್ಜಿನ ಬಟ್ಟಲಿಗೆ ಫಾಯಿಲ್ ಮುಚ್ಚಬಹುದೇ?

ಪ್ರಶ್ನೆ: ಪುಳಿಯೋಗರೆ ಗೊಜ್ಜನ್ನು ಸ್ಟೀಲ್ ಬಟ್ಟಲಿಗೆ ಹಾಕಿ, ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ ಫ್ರಿಜ್‌ನಲ್ಲಿ ಇಟ್ಟಿದ್ದೆ. ಎರಡು ದಿನ ಕಳೆದು ತೆಗೆದಾಗ, ಗೊಜ್ಜು ತಗುಲಿದ್ದ ಕಡೆಯಲ್ಲೆಲ್ಲ ಫಾಯಿಲ್‌ನಲ್ಲಿ ಸೂಜಿಮೊನೆಯಷ್ಟು ತೂತುಗಳು ಬಿದ್ದಿದ್ದವು. ಫಾಯಿಲ್ ಕಳಪೆಯದೇ? ಮಗನ ಶಾಲೆಯ ಊಟಕ್ಕೆ ಚಪಾತಿ, ಚಿತ್ರಾನ್ನಗಳನ್ನೂ ಅದರಲ್ಲೇ ಸುತ್ತಿ ಕಳಿಸುತ್ತೇನೆ. ನಿಲ್ಲಿಸಬೇಕೇ?
– ಓದುಗರೊಬ್ಬರು, ಹಾಸನ

ಉತ್ತರ: ಒಳ್ಳೆಯ ಫಾಯಿಲ್‌ಗೂ ಹೀಗೆಯೇ ಆಗುತ್ತದೆ. ಅಲ್ಯೂಮಿನಿಯಂ ಗಾಳಿಗೆ ಒಡ್ಡಿಕೊಂಡ ಕೂಡಲೇ ಅದರ ಮೇಲೆ ಆಕ್ಸೈಡಿನ ತೆಳುವಾದ ಪದರ ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ; ಹುಣಸೆಯ ಹುಳಿ ಮತ್ತು ಉಪ್ಪು ಸೇರಿದಾಗ ಆ ಪದರವೇ ಸವೆಯುತ್ತದೆ. ನಿಮ್ಮ ಬಟ್ಟಲು ಸ್ಟೀಲಿನದಾದ್ದರಿಂದ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಫಾಯಿಲ್ ಒಂದೆಡೆ ಬಟ್ಟಲಿನ ಅಂಚಿಗೂ ಮತ್ತೊಂದೆಡೆ ಗೊಜ್ಜಿಗೂ ತಗುಲಿದ್ದಾಗ, ಎರಡು ಬೇರೆ ಬೇರೆ ಲೋಹಗಳ ನಡುವೆ ಉಪ್ಪು–ಹುಳಿಯ ತೇವವಿದ್ದಂತಾಗಿ, ಬ್ಯಾಟರಿಯೊಳಗೆ ನಡೆಯುವಂಥ ಕ್ರಿಯೆಯೇ ಅಲ್ಲಿಯೂ ನಡೆದು ಅಲ್ಯೂಮಿನಿಯಂ ಕರಗುತ್ತದೆ. ಗಾಜಿನ ಅಥವಾ ಪಿಂಗಾಣಿಯ ಬಟ್ಟಲಾಗಿದ್ದರೆ ಇಷ್ಟು ಬೇಗ ತೂತು ಬೀಳುತ್ತಿರಲಿಲ್ಲ. ಫಾಯಿಲ್ ತಗುಲಿದ್ದ ಮೇಲುಭಾಗವನ್ನು ತೆಗೆದುಹಾಕಿ, ಉಳಿದ ಗೊಜ್ಜನ್ನು ಮುಚ್ಚಳವಿರುವ ಗಾಜಿನ ಭರಣಿಗೆ ವರ್ಗಾಯಿಸಿ.

ಆದದ್ದಕ್ಕೆ ಗಾಬರಿಪಡಬೇಕಾಗಿಲ್ಲ. ಆಹಾರದೊಂದಿಗೆ ಹೊಟ್ಟೆ ಸೇರುವ ಅಲ್ಯೂಮಿನಿಯಂನ ಬಹುಪಾಲು ರಕ್ತಕ್ಕೆ ಸೇರದೆಯೇ ಹೊರಹೋಗುತ್ತದೆ. ಸೇರುವ ಅಲ್ಪ ಪ್ರಮಾಣವನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಈ ವಿಷಯದಲ್ಲಿ ವಿಶೇಷ ಎಚ್ಚರಿಕೆ ವಹಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಮಿತಿಯು 2011ರಲ್ಲಿ, ಎಲ್ಲ ಮೂಲಗಳೂ ಸೇರಿ ವಾರಕ್ಕೆ ದೇಹತೂಕದ ಪ್ರತಿ ಕಿಲೋಗೆ 2 ಮಿಲಿಗ್ರಾಂ ಎಂಬ ಮಿತಿಯನ್ನು ಸೂಚಿಸಿತು. 20 ಕಿಲೋ ತೂಗುವ ಮಗುವಿಗೆ ಇದು ವಾರಕ್ಕೆ 40 ಮಿಲಿಗ್ರಾಂ ಆಗುತ್ತದೆ. ದೊಡ್ಡವರಿಗಿಂತ ಮಕ್ಕಳ ಮಿತಿ ಇಷ್ಟು ಚಿಕ್ಕದಾಗಿರುವುದರಿಂದಲೇ, ದಿನವೂ ಕಟ್ಟುವ ಡಬ್ಬಿಯ ಬಗ್ಗೆ ಯೋಚಿಸಬೇಕೆಂದು ನನ್ನ ಅಭಿಪ್ರಾಯ.

ನಮ್ಮ ಬುತ್ತಿಯ ಅನ್ನಗಳಲ್ಲಿ ಹೆಚ್ಚಿನವು ಹುಳಿಯವೇ. ನಿಂಬೆಹುಳಿಯ ಚಿತ್ರಾನ್ನ, ಪುಳಿಯೋಗರೆ, ಟೊಮೆಟೊ ಬಾತ್, ಉಪ್ಪಿನಕಾಯಿ ಇವು ಯಾವುವೂ ಫಾಯಿಲ್‌ಗೆ ಬೇಡ. ಇವಕ್ಕೆ ಸ್ಟೀಲ್ ಡಬ್ಬಿಯೇ ಸರಿ, ಪ್ರಯಾಣಕ್ಕಾದರೆ ಉರಿಗೆ ಹಿಡಿದು ಬಾಡಿಸಿದ ಬಾಳೆ ಎಲೆ ಇನ್ನೂ ಉತ್ತಮ. ಚಪಾತಿ, ರೊಟ್ಟಿ, ಚಟ್ನಿ ಹಚ್ಚದ ದೋಸೆಗಳನ್ನು ಸುತ್ತಲು ಅಡ್ಡಿಯಿಲ್ಲ. ಆದರೆ ಹೆಂಚಿನಿಂದ ತೆಗೆದ ಚಪಾತಿಯನ್ನು ಬಿಸಿಬಿಸಿಯಾಗಿಯೇ ಸುತ್ತಿದರೆ ಹಬೆ ಹೊರಹೋಗಲು ದಾರಿಯಿಲ್ಲದೆ ನೀರಾಗಿ, ಮಧ್ಯಾಹ್ನದ ಹೊತ್ತಿಗೆ ಚಪಾತಿ ಒದ್ದೆಯಾಗಿರುತ್ತದೆ. ಹಬೆ ಆರಲು ಬಿಟ್ಟು, ತೆಳುವಾದ ಹತ್ತಿಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಫಾಯಿಲ್ ಹಾಕಿ.

ಪ್ರಶ್ನೆ: ಫಾಯಿಲ್‌ನ ಹೊಳೆಯುವ ಬದಿ ಒಳಗಿರಬೇಕೋ, ಹೊರಗಿರಬೇಕೋ? ಓವನ್‌ನಲ್ಲಿ ಬಳಸಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಯಾವ ಬದಿಯಾದರೂ ಸರಿ. ಹಾಳೆ ತೀರ ತೆಳುವಾದಾಗ ಹರಿಯದಿರಲೆಂದು ಕಾರ್ಖಾನೆಯಲ್ಲಿ ಕೊನೆಯ ಸುತ್ತಿಗೆ ಎರಡು ಹಾಳೆಗಳನ್ನು ಜೋಡಿಸಿ ಉರುಳೆಗಳ ನಡುವೆ ಹಾಯಿಸುತ್ತಾರೆ; ನುಣುಪಾದ ಉರುಳೆಗೆ ತಗುಲಿದ ಬದಿ ಹೊಳೆಯುತ್ತದೆ, ಹಾಳೆಗೆ ಹಾಳೆ ತಗುಲಿದ ಬದಿ ಮಂಕಾಗಿರುತ್ತದೆ. ಅಂಟದಂತೆ ಲೇಪನ ಕೊಟ್ಟ ಫಾಯಿಲ್ ಆಗಿದ್ದರೆ ಮಾತ್ರ ಪೊಟ್ಟಣದ ಮೇಲಿನ ಸೂಚನೆಯನ್ನು ಅನುಸರಿಸಿ. ಓವನ್‌ನಲ್ಲಿ ಕೇಕಿನ ಮೇಲ್ಭಾಗ ಬೇಗ ಕೆಂಪಾಗುತ್ತಿದ್ದರೆ ಸಡಿಲವಾಗಿ ಫಾಯಿಲ್ ಹೊದಿಸಬಹುದು. ಹುಳಿ, ಖಾರ ಹಚ್ಚಿದ ಮೀನನ್ನು ಮೊದಲು ಬಾಳೆ ಎಲೆಯಲ್ಲಿ ಸುತ್ತಿ, ಮೇಲೆ ಫಾಯಿಲ್ ಸುತ್ತಿ ಬೇಯಿಸಿ. ಮೈಕ್ರೊವೇವ್‌ನಲ್ಲಿ ಕಿಡಿ ಹಾರುವ ಅಪಾಯವಿರುವುದರಿಂದ ಅಲ್ಲಿ ಫಾಯಿಲ್ ಬಳಸಬೇಡಿ.