ಮನೆಯಲ್ಲಿ ಅರಳು ಹುರಿದಂತೆ, ಶಾಲೆಯಲ್ಲಿ ಗಪ್‌ಚಿಪ್

ಪ್ರಶ್ನೆ: ಮಗಳಿಗೆ ಏಳು ವರ್ಷ. ಇಂಗ್ಲಿಷ್ ಮಾಧ್ಯಮದಲ್ಲಿ ಎರಡನೇ ತರಗತಿ. ಮನೆಯಲ್ಲಿ ಅರಳು ಹುರಿದಂತೆ ಮಾತನಾಡುತ್ತಾಳೆ, ತರಗತಿಯಲ್ಲಿ ತುಟಿ ಎರಡು ಮಾಡುವುದಿಲ್ಲ. ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತನಾಡಿಸಿ ಎಂದು ಟೀಚರ್ ಹೇಳಿದ್ದಾರೆ. ನಮಗಿಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಏನು ಮಾಡಲಿ?
– ಒಬ್ಬ ತಂದೆ, ಹಾಸನ

ಉತ್ತರ: ಪ್ರತಿ ವರ್ಷ ಜೂನ್ ಕಳೆಯುತ್ತಿದ್ದಂತೆ ಈ ಪತ್ರ ಬರುತ್ತದೆ, ಊರಿನ ಹೆಸರು ಮಾತ್ರ ಬೇರೆ. ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ. ಅಷ್ಟಕ್ಕಷ್ಟೆ ಇರುವ ಇಂಗ್ಲಿಷಿನಲ್ಲಿ ನೀವು ‘ಕಮ್, ಸಿಟ್, ಈಟ್’ ದಾಟುವುದಿಲ್ಲ. ಕನ್ನಡದಲ್ಲಾದರೆ ಅಜ್ಜಿ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಏಕೆ ಓಡಿತು, ಯಾರ ಗದ್ದೆಗೆ ನುಗ್ಗಿತು, ಯಾರು ಬೈಸಿಕೊಂಡರು ಎಂದು ಅರ್ಧ ಗಂಟೆ ಮಾತು ಬೆಳೆಯುತ್ತದೆ. ನಡೆದದ್ದನ್ನು ಹಿಂದುಮುಂದಾಗದಂತೆ ಹೇಳುವುದು, ಕಾರಣ ಕೊಡುವುದು, ಕೇಳುವವರಿಗೆ ಅರ್ಥವಾಗದಿದ್ದರೆ ಬಿಡಿಸಿ ಹೇಳುವುದು ಒಂದು ಭಾಷೆಯಲ್ಲಿ ಕೈಗೂಡಿದರೆ ಇನ್ನೊಂದಕ್ಕೂ ಒದಗುತ್ತದೆ. ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳು ಇದನ್ನು ಯಾವಾಗ ಅರಿಯುತ್ತವೋ.

ಟೀಚರ್ ಹೇಳಿದ್ದನ್ನು ಕೇಳಿದಿರಿ, ಟೀಚರ್ ಎಷ್ಟು ಕೇಳಿಸಿಕೊಳ್ಳುತ್ತಾರೆ ಎಂಬುದನ್ನೂ ವಿಚಾರಿಸಿ. ಒಮ್ಮೆ ಒಂದು ಎರಡನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಟೀಚರ್ ಹಲಸಿನ ಹಣ್ಣಿನ ಚಿತ್ರ ಎತ್ತಿ ಹಿಡಿದು ಇದೇನೆಂದು ಒಬ್ಬ ಹುಡುಗನನ್ನು ಕೇಳಿದರು. ಅವನ ಕಣ್ಣರಳಿತು, ತುಟಿ ಅಲುಗಿತು. ಅಷ್ಟರಲ್ಲಿ ಅವರೇ ‘ಜಾಕ್‌ಫ್ರೂಟ್’ ಎಂದುಬಿಟ್ಟರು, ತರಗತಿ ರಾಗವಾಗಿ ಮೂರು ಸಲ ಕೂಗಿತು. ಬಿಡುವಿನಲ್ಲಿ ಅದೇ ಹುಡುಗ, ತೊಳೆ ಬಿಡಿಸುವ ಮುಂಚೆ ಕೈಗೆ ಎಣ್ಣೆ ಹಚ್ಚದಿದ್ದರೆ ಮೇಣ ಹೇಗೆ ಅಂಟುತ್ತದೆ ಎಂದು ನನಗೆ ಪಾಠ ಮಾಡಿದ.

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ತೆರೆಯುತ್ತಾರೆ. ಖರ್ಚಿಲ್ಲದ ಕೆಲಸ, ಆದರೂ ಸಿಲಬಸ್ ಮುಗಿಸುವ ಅವಸರದಲ್ಲಿ ಇದಕ್ಕೆ ಪುರಸೊತ್ತಿಲ್ಲ. ಉತ್ತರವನ್ನು ಮೊದಲು ಪಕ್ಕದ ಮಗುವಿಗೆ ಹೇಳಲು ಬಿಡಿ, ಅದೂ ಕನ್ನಡದಲ್ಲಿ, ಎಂದು ಟೀಚರನ್ನು ಕೇಳಿಕೊಳ್ಳಿ. ನಲವತ್ತು ಜನರ ಮುಂದೆ ಎದ್ದು ನಿಲ್ಲಿಸುವುದು ಆಮೇಲಿನ ಮಾತು.

ಎರಡು ಎಚ್ಚರಿಕೆಗಳಿವೆ. ಮಗಳಿಗೆ ಪದೇ ಪದೇ ನೆಗಡಿಯಾಗುತ್ತದೆಯೇ? ಕಿವಿತಮಟೆಯ ಹಿಂದೆ ನೀರು ತುಂಬಿಕೊಂಡರೆ ನೋವೇ ಇಲ್ಲದೆ ಕೇಳುವ ಶಕ್ತಿ ಕುಗ್ಗುತ್ತದೆ. ಅಡುಗೆಮನೆಯಲ್ಲಿ ಎದುರೆದುರು ಕೇಳಿಸಿದ್ದು ಫ್ಯಾನಿನ ಸದ್ದಿನ ತರಗತಿಯಲ್ಲಿ ಕೇಳಿಸಲಿಕ್ಕಿಲ್ಲ. ಶ್ರವಣ ಪರೀಕ್ಷೆ ಮಾಡಿಸದೆ ನಾನು ಯಾವ ಮಗುವನ್ನೂ ‘ನಾಚಿಕೆ ಸ್ವಭಾವ’ ಎನ್ನುವುದಿಲ್ಲ. ಅತಿ ಎನಿಸಿದರೆ ಎನಿಸಲಿ. ಇನ್ನೊಂದು, ಶಾಲೆ ಶುರುವಾಗಿ ತಿಂಗಳುಗಳು ಉರುಳಿದರೂ ಆಟದ ಬಯಲಿನಲ್ಲಿ, ಗೆಳತಿಯರೊಂದಿಗೆ, ಕನ್ನಡದಲ್ಲೂ ಅವಳು ಮಾತನಾಡದಿದ್ದರೆ ಆತಂಕದಿಂದ ಮಾತು ಕಟ್ಟಿಹೋಗಿರಬಹುದು. ಹಠವೆಂದು ಹೊಡೆಯಬೇಡಿ, ‘ಒಂದು ಮಾತು ಆಡು, ಚಾಕೊಲೇಟ್ ಕೊಡುತ್ತೇನೆ’ ಎಂದು ಗೋಗರೆಯಲೂ ಬೇಡಿ. ಮನಶ್ಶಾಸ್ತ್ರಜ್ಞರಿಗೆ ಅಥವಾ ವಾಕ್ ತಜ್ಞರಿಗೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮ್ಮೂರಿನಿಂದ ದೂರವೇನಲ್ಲ.

ಪ್ರಶ್ನೆ: ಮಾತು ಸ್ಪಷ್ಟವಾಗಲು ಬಜೆ ತೇಯ್ದು ನಾಲಿಗೆಗೆ ಹಚ್ಚಬಹುದೇ?
ಉತ್ತರ: ಬೇಡ. ಅದರಿಂದ ವಾಂತಿಯಾದೀತು, ಮಾತು ಬಾರದು.

ಪ್ರಶ್ನೆ: ಮೂರನೇ ತರಗತಿಯ ಮಗ ಉಗ್ಗುತ್ತಾನೆ. ನಾಲಿಗೆಯಡಿಯ ಎಳೆ ಕತ್ತರಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ.
ಉತ್ತರ: ಹಾಗೆಂದವರ ಮನೆಯ ಕಡೆ ಮತ್ತೆ ಸುಳಿಯಬೇಡಿ. ಉಗ್ಗಿಗೂ ಆ ಎಳೆಗೂ ಸಂಬಂಧವಿಲ್ಲ. ‘ನಿಧಾನ, ನಿಧಾನ’ ಎಂದು ನಡುವೆ ಬಾಯಿ ಹಾಕದೆ ಅವನು ಮುಗಿಸುವವರೆಗೆ ಕಾಯಿರಿ, ವಾಕ್ ತಜ್ಞರಿಗೆ ತೋರಿಸಿ.

ಪ್ರಶ್ನೆ: ಮಗ ಹಾಲಿಗೆ ‘ಆಲು’ ಎನ್ನುತ್ತಾನೆ. ಚಿಕಿತ್ಸೆ ಬೇಕೇ?
ಉತ್ತರ: ಮನೆಯಲ್ಲಿ ಇನ್ನೂ ಯಾರು ಯಾರು ಹಾಗೆನ್ನುತ್ತಾರೆ, ಲೆಕ್ಕ ಹಾಕಿ. ಅದು ನಿಮ್ಮ ಸೀಮೆಯ ಮಾತು. ಬರೆಯುವಾಗ ಹಕಾರ ಬಿಡದಂತೆ ಮೇಷ್ಟ್ರು ನೋಡಿಕೊಳ್ಳುತ್ತಾರೆ.