ಎಂಡೋಸ್ಕೋಪಿ ನಾರ್ಮಲ್ ಇದ್ದರೂ ಜೀನ್ ಪರೀಕ್ಷೆ ಏಕೆ?

ಪ್ರಶ್ನೆ: ನಮ್ಮ ತಂದೆ 44ನೇ ವಯಸ್ಸಿನಲ್ಲಿ, ಸೋದರತ್ತೆ 39ರಲ್ಲಿ ಜಠರದ ಕ್ಯಾನ್ಸರ್‌ನಿಂದ ತೀರಿಕೊಂಡರು. ಇಬ್ಬರದ್ದೂ ‘ಡಿಫ್ಯೂಸ್’ ಬಗೆಯದಂತೆ. ನನಗೆ 31, ಇಬ್ಬರು ಮಕ್ಕಳ ತಾಯಿ. ನನ್ನ ಎಂಡೋಸ್ಕೋಪಿ ನಾರ್ಮಲ್ ಬಂದಿದೆ. ಆದರೂ ಡಾಕ್ಟರು ‘ಸಿಡಿಎಚ್1’ ಎಂಬ ಗೆಡ್ಡೆ ತಡೆಯುವ ಜೀನ್‌ನ ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಅದು ಕ್ಯಾನ್ಸರನ್ನು ಹೇಗೆ ತಡೆಯುತ್ತದೆ?

ಉತ್ತರ: ಸಿಡಿಎಚ್1 ತಯಾರಿಸುವುದು ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನು. ಇದರ ಹೊರತುದಿ ಕ್ಯಾಲ್ಸಿಯಂ ನೆರವಿನಿಂದ ಪಕ್ಕದ ಜೀವಕೋಶದ ಇ-ಕ್ಯಾಡ್‌ಹೆರಿನ್ನಿಗೆ ಬೆಸೆದುಕೊಳ್ಳುತ್ತದೆ. ಒಳತುದಿ ಕ್ಯಾಟೆನಿನ್ ಎಂಬ ಪ್ರೋಟೀನುಗಳ ಮೂಲಕ ಕೋಶದ ಒಳಹಂದರಕ್ಕೆ ಬಿಗಿದಿರುತ್ತದೆ. ಈ ಬೆಸುಗೆ ಇರುವವರೆಗೆ ಕೋಶ ಸಾಲು ಬಿಟ್ಟು ಕದಲದು. ಬೆಸುಗೆ ಹೋದರೆ ಕೋಶಗಳು ಒಂದೊಂದಾಗಿ ಕಳಚಿಕೊಂಡು ಜಠರದ ಗೋಡೆಯೊಳಗೆ ನುಸುಳುತ್ತವೆ. ‘ಡಿಫ್ಯೂಸ್’ ಬಗೆ ಎಂದರೆ ಇದೇ. ‘ಗೆಡ್ಡೆ ತಡೆಯುವ’ ಎಂಬ ಹೆಸರು ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ: ಎಷ್ಟೋ ಸಲ ಗೆಡ್ಡೆಯೇ ಕಾಣುವುದಿಲ್ಲ, ಗೋಡೆ ತೊಗಲಿನಂತೆ ಬಿರುಸಾಗುತ್ತದೆ ಅಷ್ಟೆ. ಆರಂಭದಲ್ಲಿ ಮೇಲ್ಪದರ ಹಾಗೇ ಇದ್ದು, ರೋಗದ ಕೋಶಗಳು ಅದರಡಿ ಅಡಗಿರುತ್ತವೆ. ನಿಮ್ಮ ನಾರ್ಮಲ್ ವರದಿಯನ್ನು ಪೂರ್ತಿ ನಂಬಲಾಗದ್ದು ಇದಕ್ಕೇ.

ಜೀನ್‌ನ ಪ್ರತಿಗಳು ಎರಡು. ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಅದೂ ನಿಂತಾಗ ಬೆಸುಗೆ ಹೋಗುತ್ತದೆ. ಬಹಳ ಸಲ ಆ ಎರಡನೆಯದು ಮುರಿದೇನೂ ಹೋಗಿರುವುದಿಲ್ಲ. ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ಅಂಟಿ ಅದರ ಬಾಯಿ ಮುಚ್ಚಿಸುತ್ತವೆ. ಜಠರದಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾದ ಸೋಂಕೂ ಹೀಗೆ ಮಾಡಬಲ್ಲದು. ಸೋಂಕು ಇದ್ದರೆ ಗುಣಪಡಿಸಿಕೊಳ್ಳಿ, ಆದರೆ ಅಷ್ಟರಿಂದಲೇ ಅಪಾಯ ತಪ್ಪಿತೆಂದುಕೊಳ್ಳಬೇಡಿ.

ಸಿಡಿಎಚ್1 ದೋಷಕ್ಕೂ ಈ ಕ್ಯಾನ್ಸರಿಗೂ ಇರುವ ನಂಟು 1998ರಲ್ಲಿ ನ್ಯೂಜಿಲೆಂಡಿನ ಮಾವೋರಿ ಕುಟುಂಬಗಳಲ್ಲಿ ಪತ್ತೆಯಾಯಿತು. ರಕ್ತಪರೀಕ್ಷೆ ಸಾಕು, ಆದರೆ ಮೊದಲು ಜೆನೆಟಿಕ್ ಕೌನ್ಸೆಲಿಂಗ್ ಆಗಲಿ. ರೋಗ ಬಂದವರು ಬದುಕಿಲ್ಲದ ಕಾರಣ ಅವರಲ್ಲಿ ಈ ದೋಷವಿತ್ತೇ ಎಂದು ತಿಳಿಯದು; ಹಾಗಾಗಿ ನಿಮ್ಮದು ನೆಗೆಟಿವ್ ಬಂದರೂ ಮನೆತನಕ್ಕೆ ಪೂರ್ತಿ ನಿರಾಳವಲ್ಲ; ಕಾರಣ ಬೇರೆ ಜೀನ್ ಇರಬಹುದು. ‘ಅರ್ಥ ಸ್ಪಷ್ಟವಿಲ್ಲದ ಬದಲಾವಣೆ’ ಎಂದು ಬಂದರೆ ಅದನ್ನೇ ನಂಬಿ ಯಾರೂ ಆಪರೇಷನ್‌ಗೆ ಹೋಗಬಾರದು.

ರೋಗಕಾರಕ ದೋಷವೇ ಸಿಕ್ಕರೆ ಪ್ರತಿ ಮಗುವಿಗೂ ಅದು ಬಂದಿರುವ ಸಾಧ್ಯತೆ ಶೇ 50. ನಿಮಗೆ ಸಾಮಾನ್ಯವಾಗಿ ಸೂಚಿಸುವುದು ಇಡೀ ಜಠರವನ್ನು ತೆಗೆಯುವುದನ್ನು. ಅರ್ಧ ಉಳಿಸಿದರೆ ಅಪಾಯವೂ ಉಳಿದಂತೆ. ಆಮೇಲೆ ಜೀವನಪೂರ್ತಿ ಬಿ12 ಬೇಕು, ಊಟ ಸ್ವಲ್ಪಸ್ವಲ್ಪವಾಗಿ ಹಲವು ಸಲ. ಆಪರೇಷನ್ ಮುಂದೂಡುವುದಾದರೆ ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಮಾಡಿಸಿ, ಜಠರದ ಎಲ್ಲ ಭಾಗಗಳಿಂದ ಸುಮಾರು 30 ತುಣುಕು ಬಯಾಪ್ಸಿ ತೆಗೆಸಬೇಕು. ನಿಮ್ಮ ಹಳೆಯ ವರದಿಯಲ್ಲಿ ಎಷ್ಟು ತೆಗೆದಿದ್ದರು, ನೋಡಿ. ಇದೇ ದೋಷ ಲೋಬ್ಯುಲರ್ ಸ್ತನ ಕ್ಯಾನ್ಸರಿಗೂ (ಹಾಲಿನ ಗ್ರಂಥಿಗಳಲ್ಲಿ ಹುಟ್ಟುವ ಬಗೆ) ದಾರಿ. ಪಾಸಿಟಿವ್ ಆದರೆ 30 ದಾಟಿರುವ ನಿಮಗೆ ವರ್ಷಕ್ಕೊಂದು ಸ್ತನದ ಎಂಆರ್‌ಐ ಕೂಡ ಬೇಕಾಗುತ್ತದೆ.