ಎಲಾಸ್ಟಿಕ್‌ಸರ್ಚನ್ನು ಅಮೆಜಾನ್ ಕದ್ದಿತು ಎನ್ನಬಹುದೇ?

ಎಲಾಸ್ಟಿಕ್‌ಸರ್ಚ್ ಎಂಬ, ದತ್ತಾಂಶದಲ್ಲಿ ಬೇಕಾದ್ದನ್ನು ಹುಡುಕಿಕೊಡುವ ಮುಕ್ತ ತಂತ್ರಾಂಶವನ್ನು ಅಮೆಜಾನ್ ತನ್ನ ಸೇವೆಯಾಗಿ ಮಾರಿಕೊಂಡದ್ದು ಕಳ್ಳತನವಲ್ಲವೇ ಎಂದು ಕೇಳಿದ್ದೀರಿ. ಅದು ಕಳ್ಳತನವಲ್ಲ. ಆದರೂ ಅಮೆಜಾನ್ ನಡೆದುಕೊಂಡ ರೀತಿ ಸರಿಯಿತ್ತೆಂದು ನಾನು ಒಪ್ಪುವುದಿಲ್ಲ.

ಶೇ ಬ್ಯಾನನ್ 2010ರಲ್ಲಿ ಎಲಾಸ್ಟಿಕ್‌ಸರ್ಚನ್ನು ಹೊರತಂದದ್ದು ಅಪಾಚೆ 2.0 ಪರವಾನಗಿಯಡಿ. ಯಾರು ಬೇಕಾದರೂ ಅದನ್ನು ಬಳಸಬಹುದು, ತಿದ್ದಬಹುದು, ಹಣಕ್ಕೆ ಮಾರಲೂಬಹುದು. ತಿದ್ದಿದ್ದನ್ನು ಮರಳಿ ಕೊಡಬೇಕೆಂಬ ಕಟ್ಟುಪಾಡಿಲ್ಲ. 2015ರಲ್ಲಿ ಅಮೆಜಾನ್ ಅದನ್ನು ಕ್ಲೌಡ್ ಸೇವೆಯಾಗಿ ಮಾರತೊಡಗಿದ್ದು ಈ ಅನುಮತಿಯ ಒಳಗೇ ಇತ್ತು. ಆದರೆ ಅದೇ ಪರವಾನಗಿ ಟ್ರೇಡ್‌ಮಾರ್ಕಿನ ಹಕ್ಕನ್ನು ಕೊಡುವುದಿಲ್ಲ. 'ಅಮೆಜಾನ್ ಎಲಾಸ್ಟಿಕ್‌ಸರ್ಚ್ ಸರ್ವಿಸ್' ಎಂಬ ಹೆಸರನ್ನು ಕಂಡ ಗ್ರಾಹಕನಿಗೆ ಅಮೆಜಾನ್ ಮತ್ತು ಈ ತಂತ್ರಾಂಶದ ಹಿಂದಿರುವ ಎಲಾಸ್ಟಿಕ್ ಕಂಪನಿ ಕೂಡಿ ನಡೆಸುತ್ತಿರುವ ಸೇವೆಯಿದು ಎನ್ನಿಸುವುದು ಸಹಜ. ನನ್ನ ದೃಷ್ಟಿಯಲ್ಲಿ ನಿಜವಾದ ಅನ್ಯಾಯ ಆದದ್ದು ಇಲ್ಲಿಯೇ. ಈ ಹೆಸರಿನ ಬಗ್ಗೆ ಎಲಾಸ್ಟಿಕ್ ಕಂಪನಿ 2019ರಲ್ಲಿ ಹೂಡಿದ ಮೊಕದ್ದಮೆ 2022ರಲ್ಲಿ ರಾಜಿಯಲ್ಲಿ ಮುಗಿಯಿತು; ಅಷ್ಟರಲ್ಲಿ ಸೇವೆಯ ಹೆಸರೂ ಬದಲಾಗಿತ್ತು.

ಎಲಾಸ್ಟಿಕ್ ಕಂಪನಿಯ ನಡೆಯೂ ನನಗೆ ಅಷ್ಟೇ ನೋವು ತಂದಿದೆ. 2021ರ ಜನವರಿಯಲ್ಲಿ ಅದು ಅಪಾಚೆ ಪರವಾನಗಿಯನ್ನು ಕೈಬಿಟ್ಟು, ಎಸ್‌ಎಸ್‌ಪಿಎಲ್ ಮತ್ತು ತನ್ನದೇ ಪರವಾನಗಿಯ ಕಡೆಗೆ ಹೊರಳುವುದಾಗಿ ಪ್ರಕಟಿಸಿತು. ಸೇವೆಯಾಗಿ ಒದಗಿಸುವವರು ಅದನ್ನು ನಡೆಸಲು ಬಳಸುವ ಸುತ್ತಲಿನ ತಂತ್ರಾಂಶವನ್ನೆಲ್ಲ ಬಹಿರಂಗಪಡಿಸಬೇಕೆನ್ನುವ ಎಸ್‌ಎಸ್‌ಪಿಎಲ್, ಮುಕ್ತ ಪರವಾನಗಿಯೇ ಅಲ್ಲವೆಂದು, ಯಾವ ಪರವಾನಗಿ ಮುಕ್ತವೆಂದು ಪರಿಶೀಲಿಸಿ ಹೇಳುವ ಸಂಸ್ಥೆಯಾದ ಓಪನ್ ಸೋರ್ಸ್ ಇನಿಶಿಯೇಟಿವ್ ಸ್ಪಷ್ಟಪಡಿಸಿತು. ಅಲ್ಲಿಯವರೆಗೆ ಬಿಡುವಿನ ವೇಳೆಯಲ್ಲಿ ದೋಷಗಳನ್ನು ತಿದ್ದಿ ಕಳಿಸಿದ್ದ ಹೊರಗಿನವರು, ತಮ್ಮ ಕೋಡನ್ನು ಬೇರೆ ಪರವಾನಗಿಯಡಿಯೂ ಹಂಚುವ ಹಕ್ಕನ್ನು ಕಂಪನಿಗೆ ಕೊಡುವ ಕೊಡುಗೆದಾರರ ಒಪ್ಪಂದಕ್ಕೆ ಸಹಿ ಹಾಕಿದ್ದರಿಂದ, ಅವರ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಇನ್ನೊಂದು ಸಂಗತಿಯನ್ನು ಹೇಳಲೇಬೇಕು: ಎಲಾಸ್ಟಿಕ್‌ಸರ್ಚಿನ ಬುಡದಲ್ಲಿರುವ ಲೂಸೀನ್, ಡಗ್ ಕಟಿಂಗ್ ಆರಂಭಿಸಿ ಅಪಾಚೆ ಪ್ರತಿಷ್ಠಾನದ ಅಡಿಯಲ್ಲಿ ಬೆಳೆದ, ಎಲ್ಲರಿಗೂ ಮುಕ್ತವಾಗಿರುವ, ಹುಡುಕಾಟದ ಕೋಡ್ ಲೈಬ್ರರಿ. ಹಾಗೆ ಪಡೆದದ್ದರ ಮೇಲೆ ಕಟ್ಟಿದವರು, ತಮ್ಮದನ್ನೂ ಇನ್ನೊಬ್ಬರು ಹಾಗೆಯೇ ಪಡೆದಾಗ ಬಾಗಿಲು ಮುಚ್ಚಿದರು.

ಅಮೆಜಾನ್ ಹಳೆಯ ಅಪಾಚೆ ಆವೃತ್ತಿಯಿಂದ ಕವಲೊಡೆದು ಓಪನ್‌ಸರ್ಚನ್ನು ರೂಪಿಸಿತು. 2024ರಲ್ಲಿ ಓಪನ್‌ಸರ್ಚ್, ಮುಕ್ತ ತಂತ್ರಾಂಶ ಯೋಜನೆಗಳನ್ನು ನೋಡಿಕೊಳ್ಳುವ ಲಿನಕ್ಸ್ ಫೌಂಡೇಶನ್ನಿನ ಸುಪರ್ದಿಗೆ ಹೋಯಿತು. ಅದೇ ವರ್ಷ ಎಲಾಸ್ಟಿಕ್ ಕಂಪನಿ ಎಜಿಪಿಎಲ್ ಪರವಾನಗಿಯನ್ನೂ ಸೇರಿಸಿಕೊಂಡಿತು. ಜಾಲದ ಮೂಲಕ ಬಳಸುವವರಿಗೂ ತಿದ್ದಿದ ಕೋಡನ್ನು ಕೊಡಬೇಕೆನ್ನುವ ಈ ಪರವಾನಗಿ 2010ರಲ್ಲೇ ಇತ್ತು. ಬ್ಯಾನನ್ ಆಗಲೇ ಅದನ್ನು ಆರಿಸಿಕೊಂಡಿದ್ದರೆ ಅಮೆಜಾನಿಗೆ ಸೇವೆಯನ್ನು ಮಾರುವ ಹಕ್ಕು ಉಳಿಯುತ್ತಿತ್ತು, ಆದರೆ ತಾನು ತಿದ್ದಿದ್ದನ್ನು ಮುಚ್ಚಿಟ್ಟುಕೊಳ್ಳುವ ಹಕ್ಕು ಇರುತ್ತಿರಲಿಲ್ಲ.